ಗಟ್ಟಿ ಎಂದರೆ ಯಾವ ಗಟ್ಟಿ?

ಶಿವಾಜಿನಗರದ ಗುಜರಿ ಗಲ್ಲಿಗಳಲ್ಲಿ ಬೆಳಗಿನ ಚಹಾ ಮುಗಿಯುವ ಮೊದಲೇ ಸುತ್ತಿಗೆಯ ಸದ್ದು ಶುರುವಾಗಿರುತ್ತದೆ. ಹಳೆಯ ಕಾರೊಂದರ ಹೊಟ್ಟೆ ಬಗೆದು ಎಂಜಿನ್ ಹೊರಗೆಳೆದಿರುತ್ತಾರೆ. ಕೆಲಸದವನೊಬ್ಬ ದೊಡ್ಡ ಸುತ್ತಿಗೆ ಎತ್ತಿ ಎಂಜಿನ್ನಿನ ಬೀಡು ಕಬ್ಬಿಣದ ಬ್ಲಾಕಿಗೆ ಬಡಿಯುತ್ತಾನೆ. ಒಂದು, ಎರಡು, ಮೂರು. ನಾಲ್ಕನೆಯ ಏಟಿಗೆ ಅದು ತೆಂಗಿನಕಾಯಿಯ ಹಾಗೆ ಹೋಳಾಗುತ್ತದೆ. ಒಡೆದ ಮುಖ ಬೂದುಬಣ್ಣದ್ದು, ಕಲ್ಲುಸಕ್ಕರೆಯಂತೆ ಹರಳು ಹರಳು. ಪಕ್ಕದಲ್ಲೇ ಅದೇ ಕಾರಿನ ಬಾಗಿಲ ತಗಡು ಬಿದ್ದಿದೆ. ಒಂದು ಮಿಲಿಮೀಟರ್ ದಪ್ಪವೂ ಇಲ್ಲದ ಆ ತಗಡಿಗೆ ಅದೇ ಸುತ್ತಿಗೆಯಲ್ಲಿ ಹತ್ತು ಏಟು ಹಾಕಿದರೂ ಮುದುಡಿಕೊಳ್ಳುತ್ತದೆಯೇ ಹೊರತು ಒಡೆಯುವುದಿಲ್ಲ.

ಇವೆರಡರಲ್ಲಿ ಗಟ್ಟಿ ಯಾವುದು?

ಗುಜರಿಯವರು ಈ ಪ್ರಶ್ನೆ ಕೇಳಿಕೊಳ್ಳುವುದಿಲ್ಲ. ಅವರಿಗೆ ಬೇಕಾದ್ದು ಯಾವುದು ಯಾವ ಲೋಹ ಎಂಬುದು. ಕೈಯಲ್ಲಿ ಎತ್ತಿ ತೂಕ ನೋಡುತ್ತಾರೆ, ಅಯಸ್ಕಾಂತ ತಾಗಿಸುತ್ತಾರೆ, ಅನುಮಾನ ಬಂದರೆ ಗ್ರೈಂಡರಿಗೆ ಹಿಡಿಯುತ್ತಾರೆ. ಸಾಮಾನ್ಯ ಉಕ್ಕಾದರೆ ಉದ್ದನೆಯ ಹೊಳೆಯುವ ಕಿಡಿ, ಬೀಡಾದರೆ ಗಿಡ್ಡನೆಯ ಕೆಂಪು ಕಿಡಿ, ಅಲ್ಯೂಮಿನಿಯಂ ಆದರೆ ಕಿಡಿಯೇ ಇಲ್ಲ. ಪ್ರಯೋಗಾಲಯವಿಲ್ಲದೆ ಮಾಡುವ ಈ ಪರೀಕ್ಷೆಗಳ ಹಿಂದೆ ದೊಡ್ಡದೊಂದು ತಿಳಿವಳಿಕೆ ಇದೆ. ಮಿಕ್ಕ ನಾವೆಲ್ಲ ಅಂಗಡಿಯಲ್ಲಿ, ಮನೆ ಕಟ್ಟಿಸುವಲ್ಲಿ, ಸೇತುವೆ ನೋಡುವಾಗ ಒಂದೇ ಒಂದು ಮಾತಿನಲ್ಲಿ ಕೆಲಸ ಮುಗಿಸುತ್ತೇವೆ: ಗಟ್ಟಿಯಾಗಿದೆಯಾ?

ಬೆಂಡೆಕಾಯಿಯ ತುದಿ

ಗುಜರಿ ಗಲ್ಲಿಯಿಂದ ಕೂಗಳತೆಯಲ್ಲಿ ರಸೆಲ್ ಮಾರುಕಟ್ಟೆ. ಅಲ್ಲಿ ಬೆಂಡೆಕಾಯಿ ಆರಿಸುವವರನ್ನು ಗಮನಿಸಿ. ತುದಿ ಮುರಿದು ನೋಡುತ್ತಾರೆ. ಪಟ್ಟನೆ ಮುರಿದರೆ ಎಳೆಯದು, ಬಾಗಿ ಬಾಗಿ ನಾರು ಬಿಟ್ಟರೆ ಬಲಿತದ್ದು. ಎಂಜಿನಿಯರಿಂಗ್ ಪ್ರಯೋಗಾಲಯದಲ್ಲಿ ಲೋಹದ ತುಂಡಿನ ಮೇಲೆ ಲೋಲಕದ ಸುತ್ತಿಗೆ ಬೀಳಿಸಿ, ಮುರಿಯಲು ಎಷ್ಟು ಶಕ್ತಿ ಹಿಡಿಯಿತು ಎಂದು ಅಳೆಯುತ್ತಾರಲ್ಲ, ಅದೂ ಇದೇ ಜಾತಿಯ ಪರೀಕ್ಷೆ. ಪಟ್ಟನೆ ಮುರಿಯುವುದಕ್ಕೆ ಕನ್ನಡದಲ್ಲಿ ಒಳ್ಳೆಯ ಮಾತಿದೆ, ಪೆಡಸು. ಏಟನ್ನು ನುಂಗಿ, ಬಾಗಿ, ನಾರು ಬಿಟ್ಟುಕೊಂಡು ಉಳಿಯುವುದು ಅದರ ಎದುರುಗುಣ.

ಗಡಸುತನ ಇನ್ನೊಂದು. ಅದು ಮೇಲ್ಮೈಯ ಗುಣ: ಗೀರಿದರೆ ಗೀರು ಬೀಳುತ್ತದೆಯೇ, ಸವೆಯುತ್ತದೆಯೇ. ಗಾಜು ಬಹಳ ಗಡಸು, ಕಬ್ಬಿಣದ ಮೊಳೆಯಲ್ಲಿ ಗೀಚಿದರೂ ಸುಲಭಕ್ಕೆ ಗೀರು ಬೀಳದು. ಆದರೆ ಕೈಜಾರಿದರೆ ಚೂರುಚೂರು. ಬಲ ಎಂಬುದು ಮತ್ತೊಂದು: ಎಷ್ಟು ಭಾರಕ್ಕೆ ಸೋಲುತ್ತದೆ. ಅದರಲ್ಲೂ ಅದುಮಿದರೆ ತಾಳುವ ಬಲ ಬೇರೆ, ಎಳೆದರೆ ತಾಳುವ ಬಲ ಬೇರೆ.

ಜನ ಹೆಚ್ಚು ಗೊಂದಲ ಮಾಡಿಕೊಳ್ಳುವುದು ಬಿಗಿತನದ ವಿಷಯದಲ್ಲಿ, ಅಂದರೆ ಭಾರ ಬಿದ್ದಾಗ ಎಷ್ಟು ಬಾಗುತ್ತದೆ ಎಂಬುದರಲ್ಲಿ. ಸೇತುವೆಗಳ ಒಳಗೆ ಎಳೆದು ಕಟ್ಟುವ ಉಕ್ಕಿನ ತಂತಿಯ ಬಲ ಚದರ ಮಿಲಿಮೀಟರಿಗೆ 1,860 ನ್ಯೂಟನ್. ಅಂದರೆ ಒಂದು ಚದರ ಮಿಲಿಮೀಟರ್ ಅಡ್ಡಳತೆಯ ತಂತಿ ಸುಮಾರು 190 ಕಿಲೋ ತೂಕ ಹೊರಬಲ್ಲದು. ಮನೆ ಕಟ್ಟುವ ಫೆ-500 ಕಂಬಿ ಅಷ್ಟೇ ಅಡ್ಡಳತೆಯಲ್ಲಿ ಸುಮಾರು 50 ಕಿಲೋಗೆ ಶಾಶ್ವತವಾಗಿ ಹಿಗ್ಗಲು ತೊಡಗುತ್ತದೆ. ಬಲದಲ್ಲಿ ಹೀಗೆ ಮೂರು ಪಟ್ಟಿಗೂ ಮೀರಿದ ಅಂತರ. ಆದರೆ ಎರಡಕ್ಕೂ 20 ಕಿಲೋ ತೂಕ ತೂಗುಹಾಕಿದರೆ ಎರಡೂ ಹೆಚ್ಚುಕಡಿಮೆ ಒಂದೇ ಅಳತೆಯಷ್ಟು ಹಿಗ್ಗುತ್ತವೆ. ಉಕ್ಕಿಗೆ ಎಷ್ಟು ಸಂಸ್ಕಾರ ಕೊಟ್ಟರೂ ಹೆಚ್ಚುವುದು ಬಲ ಮಾತ್ರ, ಬಿಗಿತನ ಇದ್ದಲ್ಲೇ ಇರುತ್ತದೆ. ಅದು ಪರಮಾಣುಗಳ ನಡುವಿನ ನಂಟಿನಿಂದ ಬರುವ ಗುಣ. ಹಾಗಾಗಿ ತೊಯ್ದಾಡುವ ಮಹಡಿಗೆ ಹೆಚ್ಚು ಬಲದ ಕಂಬಿ ಹಾಕಿದರೆ ತೊಯ್ದಾಟ ನಿಲ್ಲುವುದಿಲ್ಲ, ತೊಲೆಯ ಎತ್ತರ ಹೆಚ್ಚಿಸಬೇಕು.

ಬಲ ಹೆಚ್ಚಿಸಿದಾಗ ಸಾಮಾನ್ಯವಾಗಿ ಇನ್ನೇನನ್ನೋ ಬಿಟ್ಟುಕೊಡಬೇಕಾಗುತ್ತದೆ. ಕಮ್ಮಾರರಿಗೆ ಇದು ಹಳೆಯ ಸಂಗತಿ. ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಚ್ಚು ಮಾಡುವವರು ಅದನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದುತ್ತಾರೆ. ಆಗ ಅದು ಗಡಸಾಗುತ್ತದೆ, ಜೊತೆಗೆ ಪೆಡಸೂ ಆಗುತ್ತದೆ. ಮತ್ತೆ ಹದವಾಗಿ ಕಾಯಿಸಿ ಆ ಪೆಡಸು ತೆಗೆಯುತ್ತಾರೆ. ಹದ ಎಂಬ ನಮ್ಮ ಪದಕ್ಕೆ ಇಷ್ಟು ಖಚಿತವಾದ ಅರ್ಥ ಬೇರೆಲ್ಲೂ ಸಿಗಲಾರದು. ಒಂದು ಕಾಲಕ್ಕೆ ಜಗತ್ತಿನ ಕತ್ತಿಗಳಿಗೆ ಹೆಸರಾದ ವೂಟ್ಜ್ ಉಕ್ಕು ಮೈಸೂರು ಸೀಮೆಯಲ್ಲೂ ತಯಾರಾಗುತ್ತಿತ್ತು. ವೂಟ್ಜ್ ಎಂಬ ಹೆಸರು ನಮ್ಮ 'ಉಕ್ಕು' ಎಂಬ ಪದದಿಂದಲೇ ಬಂದದ್ದು ಎಂದು ಹಲವು ವಿದ್ವಾಂಸರು ಹೇಳುತ್ತಾರೆ.

ಹಲಸೂರಿನ ಕಂಬಗಳು

ಹಲಸೂರಿನ ಸೋಮೇಶ್ವರ ದೇವಸ್ಥಾನಕ್ಕೆ ಹೋದವರು ಮಂಟಪದ ಕಂಬಗಳ ಕೆತ್ತನೆ ನೋಡುತ್ತಾರೆ. ಕಂಬಗಳ ನಡುವಿನ ಅಂತರವನ್ನೂ ನೋಡಬೇಕು. ಅಷ್ಟು ಒತ್ತೊತ್ತಾಗಿ ಕಂಬ ನಿಲ್ಲಿಸಿದ್ದಕ್ಕೆ ಅಂದದ ಜೊತೆಗೆ ಕಲ್ಲಿನ ಸ್ವಭಾವವೂ ಕಾರಣ.

ನಮ್ಮ ಬೆಂಗಳೂರಿನ ಕಲ್ಲು ಅದುಮಿದರೆ ಅಲ್ಲಾಡುವುದಿಲ್ಲ. ಗ್ರಾನೈಟ್ ಜಾತಿಯ ಕಲ್ಲುಗಳು ಚದರ ಮಿಲಿಮೀಟರಿಗೆ ನೂರರಿಂದ ಇನ್ನೂರು ನ್ಯೂಟನ್ ಒತ್ತಡ ತಾಳುತ್ತವೆ. ಆದರೆ ಎಳೆದರೆ ಅದರ ಹತ್ತನೇ ಒಂದು ಭಾಗವನ್ನೂ ತಾಳಲಾರವು. ಎರಡು ಕಂಬಗಳ ಮೇಲೆ ಒಂದು ಚಪ್ಪಡಿ ಇಟ್ಟರೆ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಬಾಗಿದಾಗ ಮೇಲಿನ ಮೈ ಅದುಮಿಕೊಳ್ಳುತ್ತದೆ, ಕೆಳಗಿನ ಮೈ ಎಳೆಯಲ್ಪಡುತ್ತದೆ. ಕಲ್ಲು ಸೋಲುವುದು ಆ ಕೆಳಗಿನ ಮೈಯಲ್ಲಿ. ಸ್ಥಪತಿಗಳು ಇದನ್ನು ಅರಿತೇ ಕಂಬಗಳನ್ನು ಹತ್ತಿರ ತಂದರು, ಕಂಬದ ತಲೆಗೆ ಬೋದಿಗೆ ಚಾಚಿ ತೊಲೆಯ ಬರಿದಾದ ಉದ್ದವನ್ನು ಇನ್ನಷ್ಟು ಕಡಿಮೆ ಮಾಡಿದರು.

ಕಲ್ಲುಕುಟಿಗರು ಇದೇ ದೌರ್ಬಲ್ಯವನ್ನು ತಮ್ಮ ಕಸುಬು ಮಾಡಿಕೊಂಡವರು. ಬಂಡೆಯ ಮೇಲೆ ಸಾಲಾಗಿ ಗುಳಿ ತೋಡಿ, ಬೆಣೆ ಇಟ್ಟು ಒಂದೊಂದಕ್ಕೂ ಏಟು ಕೊಡುತ್ತ ಹೋಗುತ್ತಾರೆ. ಬೆಣೆ ಕಲ್ಲನ್ನು ಪುಡಿ ಮಾಡುವುದಿಲ್ಲ, ಎರಡು ಕಡೆಗೆ ಎಳೆಯುತ್ತದೆ. ಬಂಡೆ ಗೆರೆ ಹಾಕಿದಂತೆ ಸೀಳುತ್ತದೆ. ಅದೇ ಶಿವಾಜಿನಗರದ ನೆಲದಡಿ ಮೆಟ್ರೊ ಸುರಂಗ ಕೊರೆದ 'ಊರ್ಜಾ' ಯಂತ್ರದ ಉಪಾಯವೂ ಇದರ ಹತ್ತಿರದ್ದೇ. ಅಂಥ ಯಂತ್ರದ ಮುಖದಲ್ಲಿರುವ ಉಕ್ಕಿನ ಬಿಲ್ಲೆಗಳು ಬಂಡೆಗೆ ಒತ್ತಿ ಉರುಳುತ್ತವೆ. ಬಿಲ್ಲೆಯಡಿ ಹುಟ್ಟಿದ ಬಿರುಕು ಪಕ್ಕದ ಬಿಲ್ಲೆಯ ಬಿರುಕಿಗೆ ಸೇರಿದಾಗ ನಡುವಿನ ಕಲ್ಲು ಚಕ್ಕೆಯಾಗಿ ಕಳಚುತ್ತದೆ. ಅಷ್ಟಾದರೂ ನಮ್ಮ ಬಂಡೆ ಸುಮ್ಮನೆ ದಾರಿ ಬಿಡಲಿಲ್ಲ. ದಂಡುಪ್ರದೇಶದ ಕಡೆಯಿಂದ 2020ರಲ್ಲಿ ಹೊರಟ ಊರ್ಜಾ 855 ಮೀಟರ್ ಕೊರೆದು ಶಿವಾಜಿನಗರದಲ್ಲಿ ಹೊರಬಂದದ್ದು 2021ರ ಸೆಪ್ಟೆಂಬರ್ 22ರಂದು.

1809ರ ನಂತರ ಇಲ್ಲಿ ದಂಡು ಬಂದು ನೆಲೆಸಿದ ಮೇಲೆ ಎದ್ದ ಹಳೆಯ ಬಂಗಲೆಗಳಲ್ಲಿ ಇನ್ನೊಂದು ಬಗೆಯ ಜಾಣ್ಮೆ ಇದೆ. ಅವುಗಳ ಗೋಡೆ ಕಟ್ಟಿದ್ದು ಸುಣ್ಣದ ಗಾರೆಯಲ್ಲಿ. ಗಾರೆ ಸಿಮೆಂಟಿಗಿಂತ ಬಲಹೀನ, ಮೆದು. ಗೋಡೆ ತುಸು ಕುಳಿತರೂ, ಬಿಸಿಲಿಗೆ ಹಿಗ್ಗಿದರೂ ಅದು ಹೊಂದಿಕೊಳ್ಳುತ್ತದೆ, ಒಳಗಿನ ತೇವವನ್ನು ಹೊರಬಿಡುತ್ತದೆ. ಅಂಥ ಗೋಡೆಗೆ 'ಗಟ್ಟಿಯಾಗಲಿ' ಎಂದು ಸಿಮೆಂಟ್ ಮೆತ್ತಿದರೆ ತೇವ ಒಳಗೇ ಉಳಿದು ಇಟ್ಟಿಗೆಯೇ ಪುಡಿಯಾಗತೊಡಗುತ್ತದೆ. ಒಳ್ಳೆಯ ಮನಸ್ಸಿನಿಂದ ಹೀಗೆ ಹಾಳಾದ ಹಳೆಯ ಮನೆಗಳನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ಎರಡು ಅಂಗೈ ನಡುವಿನ ಇಟ್ಟಿಗೆ ಸಾಲು

2011ರ ಅಕ್ಟೋಬರ್ 20ರಂದು ಎಂ.ಜಿ. ರಸ್ತೆಯಿಂದ ಬೈಯಪ್ಪನಹಳ್ಳಿಗೆ ಮೊದಲ ಮೆಟ್ರೊ ಓಡಿತು. 6.7 ಕಿ.ಮೀ., ಆರು ನಿಲ್ದಾಣ. ಆ ಮೇಲ್ಸೇತುವೆಯ ಕೆಳಗೆ ನಿಂತು ತಲೆಯೆತ್ತಿದರೆ ಕಂಬದಿಂದ ಕಂಬಕ್ಕೆ ಚಾಚಿದ ಕಾಂಕ್ರೀಟ್ ಪೆಟ್ಟಿಗೆಯಲ್ಲಿ ಅಡ್ಡಡ್ಡ ಗೆರೆಗಳು ಕಾಣುತ್ತವೆ. ಅದು ಒಂದೇ ತುಂಡಲ್ಲ, ಬೇರೆಲ್ಲೋ ಎರಕ ಹೊಯ್ದು ತಂದು ಜೋಡಿಸಿದ ಬಿಡಿಭಾಗಗಳ ಸಾಲು. ಕಾಂಕ್ರೀಟೂ ಕಲ್ಲಿನ ಹಾಗೆಯೇ: ಅದುಮಿದರೆ ಶೂರ, ಎಳೆದರೆ ದುರ್ಬಲ. ಹಾಗಿದ್ದರೆ ಬಿಡಿ ತುಂಡುಗಳ ಈ ಸಾಲು ರೈಲನ್ನು ಹೊರುವುದು ಹೇಗೆ?

ಕಟ್ಟಡದ ಕೆಲಸದವರು ಆರೇಳು ಇಟ್ಟಿಗೆಗಳನ್ನು ಸಾಲಾಗಿ ಇಟ್ಟು, ಎರಡು ತುದಿಗೂ ಅಂಗೈ ಒತ್ತಿ, ಇಡೀ ಸಾಲನ್ನು ಒಟ್ಟಿಗೆ ಎತ್ತುವುದನ್ನು ನೋಡಿದ್ದೀರಿ. ಒತ್ತಿ ಹಿಡಿದಷ್ಟು ಹೊತ್ತು ನಡುವಿನ ಇಟ್ಟಿಗೆ ಬೀಳುವುದಿಲ್ಲ. ಮೇಲ್ಸೇತುವೆಯಲ್ಲಿ ಅಂಗೈಗಳ ಕೆಲಸ ಮಾಡುವುದು ಪೆಟ್ಟಿಗೆಯ ಉದ್ದಕ್ಕೂ ಪೋಣಿಸಿ, ಜ್ಯಾಕಿನಿಂದ ಎಳೆದು, ತುದಿಯಲ್ಲಿ ಬಿಗಿದ ಉಕ್ಕಿನ ತಂತಿಗಳು. ಎಳೆಸಿಕೊಂಡ ತಂತಿ ಕುಗ್ಗಲು ಹವಣಿಸುತ್ತ ಕಾಂಕ್ರೀಟನ್ನು ಸದಾ ಹಿಂಡುತ್ತಿರುತ್ತದೆ. ರೈಲು ಬಂದಾಗ ಕೆಳಮೈಗೆ ಎಳೆತ ಬಂದರೂ ಮೊದಲೇ ಇರುವ ಹಿಂಡುವಿಕೆ ತುಸು ಸಡಿಲವಾಗುತ್ತದೆ, ಅಷ್ಟೆ. ಕಾಂಕ್ರೀಟಿಗೆ ತಾನು ಹೆದರುವ ಎಳೆತದ ಅನುಭವವೇ ಆಗುವುದಿಲ್ಲ.

ಈ ವಿಧಾನಕ್ಕೆ ಫ್ರಾನ್ಸಿನ ಯೂಜೀನ್ ಫ್ರೆಸಿನೆ 1928ರಲ್ಲಿ ಪೇಟೆಂಟ್ ಪಡೆದ. ಅದರ ತತ್ವವನ್ನು ನಮ್ಮ ಹಳ್ಳಿಯ ಬಡಗಿ, ಕಮ್ಮಾರರು ಎತ್ತಿನಗಾಡಿಯ ಚಕ್ರದಲ್ಲಿ ಎಂದಿನಿಂದಲೋ ಬಳಸುತ್ತಿದ್ದರು. ಕಬ್ಬಿಣದ ಪಟ್ಟಿಯನ್ನು ಕೆಂಡದಲ್ಲಿ ಕಾಯಿಸಿ ಹಿಗ್ಗಿಸಿ, ಮರದ ಚಕ್ರಕ್ಕೆ ತೊಡಿಸಿ, ನೀರು ಸುರಿಯುತ್ತಾರೆ. ಆರಿದ ಪಟ್ಟಿ ಕುಗ್ಗಿ ಅರೆಕಾಲುಗಳನ್ನೆಲ್ಲ ನಡುವಿನ ಗುಂಭಕ್ಕೆ ಅದುಮಿ ಹಿಡಿಯುತ್ತದೆ. ಒಂದು ಮೊಳೆಯೂ ಬೇಡ.

ಹಿಗ್ಗುವ ಕುಗ್ಗುವ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಉಕ್ಕು ಮತ್ತು ಕಾಂಕ್ರೀಟ್ ಬಿಸಿಗೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ. ಅಲ್ಯೂಮಿನಿಯಂ ಇವುಗಳ ಎರಡು ಪಟ್ಟು ಹಿಗ್ಗುತ್ತದೆ. ಕಾಂಕ್ರೀಟಿನೊಳಗೆ ಅಲ್ಯೂಮಿನಿಯಂ ಕಂಬಿ ಹಾಕಿದ್ದರೆ ಹಗಲು ರಾತ್ರಿಯ ವ್ಯತ್ಯಾಸವೇ ಎರಡನ್ನೂ ಬೇರ್ಪಡಿಸಲು ನೋಡುತ್ತಿತ್ತು. ಆಧುನಿಕ ಕಟ್ಟಡಗಳೆಲ್ಲ ನಿಂತಿರುವುದು ಪ್ರಕೃತಿಯ ಈ ಕಾಕತಾಳೀಯದ ಮೇಲೆ. ಮೂವತ್ತು ಮೀಟರಿನ ಮೇಲ್ಸೇತುವೆ ಭಾಗ 20 ಡಿಗ್ರಿ ಬಿಸಿಯೇರಿದರೆ ಆರೇಳು ಮಿಲಿಮೀಟರ್ ಉದ್ದವಾಗುತ್ತದೆ. ಅದಕ್ಕೆ ಜಾಗ ಕೊಡಲೆಂದೇ ಕಂಬಕ್ಕೂ ತೊಲೆಗೂ ನಡುವೆ ಬೇರಿಂಗ್ ಇಡುತ್ತಾರೆ.

155ನೇ ಕಂಬ

2018ರ ಡಿಸೆಂಬರಿನಲ್ಲಿ ಇದೇ ಮೆಟ್ರೊ ಮಾರ್ಗದ ಟ್ರಿನಿಟಿ ನಿಲ್ದಾಣದ ಬಳಿ 155ನೇ ಕಂಬದ ಹತ್ತಿರ ಕಾಂಕ್ರೀಟ್ ತೊಲೆಯಲ್ಲಿ ದೋಷ ಕಾಣಿಸಿಕೊಂಡಿತು. ಆ ತಿಂಗಳ ಕೊನೆಯಲ್ಲಿ ಎಂ.ಜಿ. ರಸ್ತೆ ಮತ್ತು ಇಂದಿರಾನಗರ ನಡುವೆ ಕೆಲ ದಿನ ರೈಲು ನಿಲ್ಲಿಸಿ ದುರಸ್ತಿ ಮಾಡಿದರು. ಪತ್ರಿಕೆಗಳೆಲ್ಲ 'ಹನಿಕೋಂಬ್' ಎಂಬ ಪದ ಬಳಸಿದವು. ಜೇನುಹಟ್ಟಿಗೂ ಸೇತುವೆಗೂ ಏನು ಸಂಬಂಧ ಎಂದು ಆಗ ಬಹಳ ಜನ ಕೇಳಿದರು.

ಕಾಂಕ್ರೀಟೆಂದರೆ ಜಲ್ಲಿ, ಮರಳು, ಸಿಮೆಂಟು, ನೀರು. ಜಲ್ಲಿಯ ಸಂದುಗಳನ್ನು ಮರಳು ತುಂಬಬೇಕು, ಮರಳಿನ ಸಂದುಗಳನ್ನು ಸಿಮೆಂಟ್ ಹಾಲು ತುಂಬಬೇಕು. ಎಲ್ಲೋ ಒಂದು ಕಡೆ ಆ ಹಾಲು ತಲುಪದೆ ಜಲ್ಲಿ ಮಾತ್ರ ಒಂದಕ್ಕೊಂದು ಅಂಟಿ ನಿಂತರೆ ನಡುವೆ ಟೊಳ್ಳು ಉಳಿಯುತ್ತದೆ. ನೋಡಲು ಜೇನುಹಟ್ಟಿಯಂತೆ, ಆದ್ದರಿಂದ ಆ ಹೆಸರು. ಸೆಂಟ್ರಿಂಗ್ ಹಲಗೆಗಳ ಸಂದಿನಿಂದ ಹಾಲು ಸೋರಿದರೆ ಹೀಗಾಗುತ್ತದೆ. ಕಂಬಿಗಳು ತೀರ ಒತ್ತೊತ್ತಾಗಿದ್ದು ಜಲ್ಲಿ ನಡುವೆಯೇ ಸಿಕ್ಕಿಕೊಂಡರೆ ಆಗುತ್ತದೆ. ಮಿಶ್ರಣವನ್ನು ಅಲುಗಿಸಿ ಕೂರಿಸುವ ವೈಬ್ರೇಟರ್ ಸರಿಯಾಗಿ ಇಳಿಸದಿದ್ದರಂತೂ ಖಂಡಿತ ಆಗುತ್ತದೆ. ಹೆಚ್ಚು ಭಾರ ಬೀಳುವಲ್ಲೇ ಕಂಬಿ ಹೆಚ್ಚು ಒತ್ತಾಗಿರುವುದರಿಂದ ಈ ದೋಷ ಬರಬಾರದ ಜಾಗದಲ್ಲೇ ಬರುವ ಸಂಭವ ಜಾಸ್ತಿ.

ಐದು ಪ್ರತಿಶತ ಗಾಳಿ ಒಳಗುಳಿದರೆ ಕಾಂಕ್ರೀಟಿನ ಬಲ ಸುಮಾರು ಮೂವತ್ತು ಪ್ರತಿಶತ ಕುಸಿಯುತ್ತದೆ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಕಂಬಿಗೆ ತುಕ್ಕು ಹಿಡಿಯದಂತೆ ಕಾಪಾಡುವುದೂ ಸಿಮೆಂಟಿನ ಕ್ಷಾರಗುಣವೇ. ಟೊಳ್ಳಿನ ಮೂಲಕ ನೀರು ಹೊಕ್ಕರೆ ಆ ಕಾವಲೂ ಹೋಗುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಒಳಗಿನಿಂದಲೇ ಕಾಂಕ್ರೀಟನ್ನು ಸೀಳುತ್ತದೆ.

ಟ್ರಿನಿಟಿಯಲ್ಲಿ ತೊಲೆಗೆ ಉಕ್ಕಿನ ಆಸರೆ ಕೊಟ್ಟು, ಟೊಳ್ಳುಗಳಿಗೆ ಗಟ್ಟಿಯಾಗುವ ದ್ರಾವಣ ತುಂಬಿದರು. ಈ ಪ್ರಸಂಗವನ್ನು ನಾನು ಇಷ್ಟು ವಿವರಿಸಿದ್ದಕ್ಕೆ ಕಾರಣವಿದೆ. ವಸ್ತುವಿನ ಗುಣ ಕೋಷ್ಟಕದಲ್ಲಿ ಬರೆದಿರುತ್ತದೆ, ಆದರೆ ಸೇತುವೆಗೆ ಸಿಗುವ ಗುಣ ಎರಕ ಹೊಯ್ಯುವಾಗ ವೈಬ್ರೇಟರ್ ಹಿಡಿದವರ ಕೈಯಲ್ಲಿರುತ್ತದೆ. 150 ಮಿಲಿಮೀಟರಿನ ಘನ ಎರಕ ಹೊಯ್ದು, 28 ದಿನ ನೀರಲ್ಲಿಟ್ಟು, ಅದುಮಿ ನೋಡಿ, 'ಎಂ-25' ಇತ್ಯಾದಿ ದರ್ಜೆ ಒಪ್ಪುತ್ತೇವೆ. ಆ ಘನವನ್ನು ಜೋಪಾನವಾಗಿ ತುಂಬಿರುತ್ತಾರೆ. ನಮ್ಮ ಮನೆಯ ತಾರಸಿ ಹಾಕುವಾಗ ಮಿಶ್ರಣ ಸಲೀಸಾಗಿ ಹರಿಯಲೆಂದು ಮೇಸ್ತ್ರಿ ಎರಡು ಬಕೆಟ್ ನೀರು ಹೆಚ್ಚು ಸುರಿಸಿದರು. ನಾನು ನೋಡುತ್ತ ನಿಂತಿದ್ದೆ, ತಡೆಯಲಿಲ್ಲ. ಹೆಚ್ಚಾದ ನೀರು ಆರಿದಾಗ ಬಿಟ್ಟುಹೋಗುವ ಸಣ್ಣ ರಂಧ್ರಗಳೇ ತಾರಸಿಯ ಬಲ ಕಡಿಮೆ ಮಾಡುತ್ತವೆ ಎಂದು ತಿಳಿದದ್ದು ಆಮೇಲೆ.

ಲೋಹದ ದಣಿವು

ಹಳೆಯ ವಿಮಾನ ನಿಲ್ದಾಣದ ರಸ್ತೆಗೆ ಹೊರಳಿದರೆ ಪ್ರಶ್ನೆ ಬದಲಾಗುತ್ತದೆ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ ಆರಂಭಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್, ಇಂದಿನ ಎಚ್‌ಎಎಲ್, ಇರುವುದು ಇಲ್ಲಿ. ನೆಲದ ಮೇಲಿನ ಸೇತುವೆ ಭಾರವಾದರೆ ಖರ್ಚು ಹೆಚ್ಚು, ವಿಮಾನ ಭಾರವಾದರೆ ಮೇಲೇಳುವುದೇ ಕಷ್ಟ.

ಅಲ್ಯೂಮಿನಿಯಂ ಉಕ್ಕಿನ ಮೂರನೇ ಒಂದು ಭಾಗದಷ್ಟು ತೂಗುತ್ತದೆ. ಅದರ ಬಿಗಿತನವೂ ಮೂರನೇ ಒಂದು ಭಾಗ. ಹಾಗಾದರೆ ಲಾಭವೇನು? ಲಾಭ ದಪ್ಪದಲ್ಲಿದೆ. ಅದೇ ತೂಕಕ್ಕೆ ಮೂರು ಪಟ್ಟು ದಪ್ಪದ ಹಾಳೆ ಸಿಗುತ್ತದೆ, ಮತ್ತು ಹಾಳೆ ಬಾಗದಿರುವ ಗುಣ ದಪ್ಪದ ಘನದಂತೆ ಏರುತ್ತದೆ. ಲೆಕ್ಕ ಹಾಕಿದರೆ ಸಮತೂಕದ ಅಲ್ಯೂಮಿನಿಯಂ ಹಾಳೆ ಉಕ್ಕಿನ ಹಾಳೆಗಿಂತ ಎಂಟೊಂಬತ್ತು ಪಟ್ಟು ಬಿಗಿ. 1951ರ ಆಗಸ್ಟಿನಲ್ಲಿ ಮೊದಲು ಹಾರಿದ ಎಚ್‌ಎಎಲ್‌ನ ತರಬೇತಿ ವಿಮಾನ ಎಚ್‌ಟಿ-2 ಲೋಹದ ಮೈಯದ್ದೇ.

ಆದರೆ ಅಲ್ಯೂಮಿನಿಯಂಗೆ ಒಂದು ಕೊರತೆ ಇದೆ. ಕಬ್ಬಿಣದ ತಂತಿಯನ್ನು ಒಂದೇ ಸಲ ಎಳೆದು ಕಡಿಯಲಾರಿರಿ, ಹಿಂದೆ ಮುಂದೆ ಬಗ್ಗಿಸುತ್ತ ಹೋದರೆ ತುಂಡಾಗುತ್ತದೆ. ಅದಕ್ಕಿಂತ ಎಷ್ಟೋ ಚಿಕ್ಕ ಭಾರವೂ ಲಕ್ಷಾಂತರ ಸಲ ಮರುಕಳಿಸಿದರೆ ಲೋಹ ದಣಿಯುತ್ತದೆ, ಬಿರುಕು ಹುಟ್ಟುತ್ತದೆ. ಸಾಮಾನ್ಯ ಉಕ್ಕಿಗೆ ಒಂದು ಮಿತಿ ಇದೆ, ಅದರ ಕೆಳಗಿನ ಭಾರವನ್ನು ಅದು ಎಷ್ಟು ಸಲವಾದರೂ ತಾಳೀತು. ಅಲ್ಯೂಮಿನಿಯಂಗೆ ಅಂಥ ಸ್ಪಷ್ಟ ಮಿತಿಯಿಲ್ಲ.

1954ರಲ್ಲಿ ಬ್ರಿಟನ್ನಿನ ಕಾಮೆಟ್ ಜೆಟ್ ವಿಮಾನಗಳೆರಡು ಆಕಾಶದಲ್ಲೇ ಒಡೆದು ಸಮುದ್ರಕ್ಕೆ ಬಿದ್ದವು. ಇಡೀ ವಿಮಾನವೊಂದನ್ನು ನೀರಿನ ತೊಟ್ಟಿಯಲ್ಲಿಟ್ಟು ಒತ್ತಡ ಏರಿಸಿ ಇಳಿಸಿ ಪರೀಕ್ಷಿಸಿದಾಗ ಮೈಯಲ್ಲಿ ಕತ್ತರಿಸಿದ ಕಿಂಡಿಯ ಮೂಲೆಯಲ್ಲಿ ಬಿರುಕು ಹುಟ್ಟುವುದು ಕಂಡಿತು. ಮೂಲೆಗಳಲ್ಲಿ ಬಲ ಬಂದು ಗುಂಪುಗೂಡುತ್ತದೆ. ನಿಮ್ಮ ಮನೆಯ ಗೋಡೆ ನೋಡಿ. ಗಿಲಾವಿನ ಓರೆ ಬಿರುಕುಗಳು ಹೆಚ್ಚಾಗಿ ಕಿಟಕಿಯ ಮೂಲೆಯಿಂದಲೇ ಹೊರಟಿರುತ್ತವೆ.

ಮಣ್ಣಿಗೆ ಹುಲ್ಲು, ಅಂಟಿಗೆ ನಾರು

2001ರ ಜನವರಿ 4ರಂದು ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಮೊದಲು ಹಾರಿದ ಲಘು ಯುದ್ಧವಿಮಾನ, ಮುಂದೆ ತೇಜಸ್ ಎಂದು ಹೆಸರಾದದ್ದು, ಲೋಹದ ಪಾಲನ್ನೇ ಕಡಿಮೆ ಮಾಡಿಕೊಂಡಿತು. ಅದರ ಮೈಕಟ್ಟಿನ ತೂಕದಲ್ಲಿ ಸುಮಾರು 45 ಪ್ರತಿಶತ ಕಾರ್ಬನ್ ನಾರಿನ ಸಂಯುಕ್ತ. ಅದರ ಬಾಲದ ರೆಕ್ಕೆಯಂಥ ಭಾಗಗಳನ್ನು ರೂಪಿಸಿದ್ದು ಇದೇ ರಸ್ತೆಯ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಎನ್‌ಎಎಲ್.

ಈ ಸಂಯುಕ್ತದ ತತ್ವ ನಮ್ಮ ಅಜ್ಜಂದಿರಿಗೆ ಹೊಸದಲ್ಲ. ಮಣ್ಣಿನ ಗೋಡೆಗೆ ಹುಲ್ಲು ಕಲಸುತ್ತಿದ್ದರು: ಮಣ್ಣು ಅದುಮಿಸಿಕೊಳ್ಳಲಿ, ಹುಲ್ಲು ಎಳೆಸಿಕೊಳ್ಳಲಿ, ಬಿರುಕು ಬಂದರೆ ಹುಲ್ಲಿನೆಳೆ ಅದನ್ನು ದಾಟಿ ಹಿಡಿಯಲಿ. ಇಲ್ಲಿ ಹುಲ್ಲಿನ ಜಾಗದಲ್ಲಿ ತಲೆಗೂದಲಿಗಿಂತ ಹತ್ತು ಪಟ್ಟು ಸಣ್ಣ, ಏಳೆಂಟು ಮೈಕ್ರಾನಿನ ಕಾರ್ಬನ್ ಎಳೆ. ಮಣ್ಣಿನ ಜಾಗದಲ್ಲಿ ಎಪಾಕ್ಸಿ ಅಂಟು. ಹಾಳೆಗಳನ್ನು ಪದರ ಪದರವಾಗಿ ಇಟ್ಟು, ದೈತ್ಯ ಪ್ರೆಷರ್ ಕುಕ್ಕರಿನಂಥ ಆಟೊಕ್ಲೇವ್‌ನಲ್ಲಿ ಬೇಯಿಸುತ್ತಾರೆ.

ಬಿದಿರಿನಂತೆ ಇದಕ್ಕೂ ದಿಕ್ಕಿದೆ. ನಾರಿನ ಉದ್ದಕ್ಕೆ ಅಸಾಧ್ಯ ಬಲ, ಅಡ್ಡಕ್ಕೆ ಎಳೆದರೆ ಸೀಳು. ಹಾಗಾಗಿ ಒಂದು ಪದರ ನೇರ, ಒಂದು ಅಡ್ಡ, ಇನ್ನೆರಡು ಓರೆ. ಎಲ್ಲಿ ಯಾವ ಬಲ ಬರುತ್ತದೋ ಅಲ್ಲಿಗೆ ತಕ್ಕ ಹೆಣಿಗೆ. ವಸ್ತುವನ್ನು ಆರಿಸುವ ಹಂತ ದಾಟಿ ವಸ್ತುವನ್ನೇ ನೇಯುವ ಹಂತಕ್ಕೆ ಬಂದದ್ದು ಈ ಶತಮಾನದ ದೊಡ್ಡ ಬದಲಾವಣೆ ಎಂದು ನನ್ನೆಣಿಕೆ.

ಕೃಷ್ಣರಾಜಪುರದಲ್ಲಿ

ಕೃಷ್ಣರಾಜಪುರದ ತೂಗುಸೇತುವೆ, 2003ರಲ್ಲಿ ತೆರೆದದ್ದು, ಈ ಪಾಠವನ್ನೆಲ್ಲ ಬಯಲಲ್ಲಿ ಬಿಡಿಸಿಟ್ಟಂತಿದೆ. ರೈಲು ಹಳಿಗಳ ನಡುವೆ ಬೇಕಾದಲ್ಲಿ ಕಂಬ ನಿಲ್ಲಿಸಲು ಜಾಗವಿಲ್ಲದ ಕಡೆ ರಸ್ತೆಯನ್ನು ಮೇಲಿನಿಂದ ಹಿಡಿದುಕೊಂಡಿದ್ದಾರೆ. ಎಳೆತವೆಲ್ಲ ಓರೆ ಕೇಬಲ್‌ಗಳಿಗೆ, ಅದು ಉಕ್ಕಿಗೆ ಒಗ್ಗುವ ಕೆಲಸ. ಅದುಮುವಿಕೆಯೆಲ್ಲ ಎತ್ತರದ ಸ್ತಂಭಕ್ಕೆ. ಜಾಮ್‌ನಲ್ಲಿ ಸಿಕ್ಕಿಬಿದ್ದಾಗ ನೋಡಲು ಇದಕ್ಕಿಂತ ಒಳ್ಳೆಯ ದೃಶ್ಯ ಆ ಭಾಗದಲ್ಲಿಲ್ಲ.

ಹತ್ತಿರದ ದೂರವಾಣಿನಗರದಲ್ಲಿ 1948ರಲ್ಲಿ ಶುರುವಾದ ಐಟಿಐ ಕಾರ್ಖಾನೆ ನಾಡಿಗೆಲ್ಲ ಟೆಲಿಫೋನು ಕೊಟ್ಟಿತು. ಹಳೆಯ ಕಪ್ಪು ಫೋನಿನ ಮೈ ಬೇಕಲೈಟಿನದು. ಒಮ್ಮೆ ಬೆಂದು ಗಟ್ಟಿಯಾದರೆ ಅದು ಮತ್ತೆ ಕರಗದು, ಇಡ್ಲಿ ಮತ್ತೆ ಹಿಟ್ಟಾಗದಂತೆ. ವಿದ್ಯುತ್ತನ್ನು ತಡೆಯುತ್ತದೆ, ಬಿಸಿ ತಾಳುತ್ತದೆ, ಬಿದ್ದರೆ ಒಡೆಯುತ್ತದೆ. ಕರಗಿಸಿ ಮರುಬಳಸಲಾಗದ ಈ ಚಿಪ್ಪಿಗೆ ಗುಜರಿಯಲ್ಲಿ ಬೆಲೆಯಿಲ್ಲ, ಒಳಗಿನ ತಾಮ್ರಕ್ಕಷ್ಟೇ ಬೆಲೆ.

ಕಿವಿಗೊಟ್ಟು ಕೇಳುವುದು

ಕಾರ್ಬನ್ ಸಂಯುಕ್ತದ ಮೇಲೆ ಒಂದು ಉಪಕರಣ ಬಿದ್ದರೆ ಹೊರಗೆ ಗುರುತೇ ಇರದೆ ಒಳಗೆ ಪದರಗಳು ಬಿಟ್ಟುಕೊಂಡಿರಬಹುದು. ಅದನ್ನು ಹುಡುಕಲು ಅಲ್ಟ್ರಾಸೌಂಡ್ ಯಂತ್ರಗಳಿವೆ. ಜೊತೆಗೆ ಜಗತ್ತಿನ ವಿಮಾನ ಹ್ಯಾಂಗರ್‌ಗಳಲ್ಲಿ ಇಂದಿಗೂ ಒಂದು ಸರಳ ವಿಧಾನ ಬಳಕೆಯಲ್ಲಿದೆ: ನಾಣ್ಯದಿಂದ ತಟ್ಟುತ್ತ ಹೋಗುವುದು. ಸರಿಯಿದ್ದ ಕಡೆ ಸ್ಪಷ್ಟ ಸದ್ದು, ಪದರ ಬಿಟ್ಟ ಕಡೆ ಮಂಕು ಸದ್ದು. ಕಾಂಕ್ರೀಟ್ ತೊಲೆಯ ಒಂದು ಬದಿಯಿಂದ ಇನ್ನೊಂದಕ್ಕೆ ಶ್ರವಣಾತೀತ ಧ್ವನಿ ಹಾಯಿಸುವುದೂ ಇದರ ಮುಂದುವರಿಕೆಯೇ. ಸೆಕೆಂಡಿಗೆ 4.5 ಕಿ.ಮೀ.ಗಿಂತ ವೇಗವಾಗಿ ದಾಟಿದರೆ ಅತ್ಯುತ್ತಮ ಕಾಂಕ್ರೀಟ್, 3 ಕಿ.ಮೀ.ಗಿಂತ ನಿಧಾನವಾದರೆ ಒಳಗೆ ಟೊಳ್ಳಿದೆಯೇ ಎಂದು ಅನುಮಾನಿಸಬೇಕು.

ದಂಡು ರೈಲು ನಿಲ್ದಾಣದಿಂದ ಅಷ್ಟೇನೂ ದೂರವಿಲ್ಲದ ಪಾಟರಿ ಟೌನಿನಲ್ಲಿ ಬೇಸಿಗೆಗೆ ಮಡಕೆ ಕೊಳ್ಳಲು ಹೋದರೆ, ವಯಸ್ಸಾದ ಹೆಂಗಸರು ಮಡಕೆಯನ್ನು ಎಡಗೈಯಲ್ಲಿ ಎತ್ತಿ, ಕಿವಿಯ ಹತ್ತಿರ ತಂದು, ಬಲಗೈ ಬೆರಳ ಗೆಣ್ಣಿನಿಂದ ತಟ್ಟುವುದನ್ನು ನೋಡಬಹುದು. ಠಣ್ಣೆಂದರೆ ಬುಟ್ಟಿಗೆ. ಡಬ್ಬೆಂದರೆ ಮತ್ತೆ ಸಾಲಿಗೆ.